ಎರಡನೇ ಪಂಪಿನ ಉತ್ತರಾಧಿಕಾರಿ

ನಮ್ಮ ನೀರು ಸರಬರಾಜು ಯೋಜನೆಯ ನಾಲ್ಕನೇ ನಿಯಮ ಹೀಗಿದೆ: 'ಪರದೇಶದಿಂದ ಬಂದ ಪ್ರತಿಯೊಬ್ಬ ತಜ್ಞನೂ ಎರಡು ವರ್ಷದೊಳಗೆ ತನ್ನ ಕೆಲಸವನ್ನು ಒಬ್ಬ ಸ್ಥಳೀಯ ಉತ್ತರಾಧಿಕಾರಿಗೆ ಕಲಿಸಿ, ಕೀಲಿಯನ್ನು ಅವನ ಕೈಗಿತ್ತು, ಸ್ವದೇಶಕ್ಕೆ ಮರಳತಕ್ಕದ್ದು.' ಇದನ್ನು ಚೌಕಟ್ಟು ಹಾಕಿಸಿ ಕಚೇರಿಯ ಗೋಡೆಗೆ ತೂಗುಹಾಕಲಾಗಿದೆ. ಗೆದ್ದಲು ಹಿಡಿದು ಚೌಕಟ್ಟನ್ನು ಎರಡು ಸಲ ಬದಲಾಯಿಸಬೇಕಾಯಿತು. ತಜ್ಞರನ್ನು ಬದಲಾಯಿಸುವ ಪ್ರಸಂಗ ಬಂದಿಲ್ಲ.

ನಾನು ಪಂಪು ತಜ್ಞ. ಈ ದೇಶಕ್ಕೆ ಬಂದು ಹದಿಮೂರು ವರ್ಷವಾಯಿತು. ಇದು ನಿಯಮದ ಉಲ್ಲಂಘನೆಯಲ್ಲವೇ ಎಂದು ತಿಳಿಯದವರು ಕೇಳುತ್ತಾರೆ. ಅಲ್ಲ. ಉತ್ತರಾಧಿಕಾರಿ ಇನ್ನೂ ಕಲಿತಿಲ್ಲವೆಂದು ಹದಿನೇಳನೇ ನಮೂನೆಯಲ್ಲಿ ದೃಢೀಕರಿಸಿದರೆ ತಜ್ಞನ ಅವಧಿ ಒಂದು ವರ್ಷ ತಾನಾಗಿಯೇ ಮುಂದುವರಿಯುತ್ತದೆ. ಅದಕ್ಕೆ ಕಲಿಸಿದವನ ಸಹಿಯೂ ಬೇಕು, ಕಲಿಯದವನ ಸಹಿಯೂ ಬೇಕು. ಮೊದಲು ಈ ನಮೂನೆಯಲ್ಲಿ 'ಕಲಿತಿದ್ದೇನೆ', 'ಇನ್ನೂ ಇಲ್ಲ' ಎಂಬ ಎರಡು ಚೌಕಗಳಿದ್ದವು. ಮೊದಲನೆಯದನ್ನು ಯಾರೂ ಬಳಸದೇ ಇದ್ದುದರಿಂದ ಮೂರನೇ ಮುದ್ರಣದಲ್ಲಿ ಕೈಬಿಡಲಾಯಿತು.

ಇಲ್ಲಿನ ಬದುಕು ಕಷ್ಟದ್ದು. ಬಂಗಲೆಗೆ ಮೂರೇ ಸ್ನಾನದ ಮನೆ. ಹುಲ್ಲುಹಾಸಿಗೆ ಎರಡು ಹೊತ್ತೂ ನೀರು ಬಿಡದಿದ್ದರೆ ಒಣಗಿಹೋಗುತ್ತದೆ. ನೀರು ಪರೀಕ್ಷಾ ತಜ್ಞರು ಒಂಬತ್ತು ವರ್ಷದಿಂದ ಈ ಊರಿನ ನೀರನ್ನು ಬಾಯಿಗೆ ಹಾಕಿಲ್ಲ. ಅದು ಕುಡಿಯಲು ಯೋಗ್ಯವೆಂದು ಪ್ರತಿ ತಿಂಗಳೂ ಸಹಿ ಮಾಡುವವರು ಅವರೇ. ಸಂಜೆ ಆರಕ್ಕೆ ಕ್ಲಬ್ಬಿನಲ್ಲಿ ಸೇರುತ್ತೇವೆಂದು ಗೊತ್ತುಮಾಡಿಕೊಂಡಿದ್ದೇವೆ. ಏಳೂವರೆಯ ಹೊತ್ತಿಗೆ ಒಬ್ಬೊಬ್ಬರಾಗಿ ಬಂದು, ಇಲ್ಲಿಯ ಜನಕ್ಕೆ ಹೊತ್ತುಗೊತ್ತಿನ ಪರಿವೆಯೇ ಇಲ್ಲವೆಂದು ಮಾತಾಡಿಕೊಳ್ಳುತ್ತೇವೆ.

ಇಲ್ಲಿನ ಭಾಷೆಯಲ್ಲಿ ನನಗೆ ನಾಲ್ಕು ಮಾತು ಬರುತ್ತವೆ: ಬಾ, ಹೋಗು, ಬೇಡ, ನಾಳೆ. ನನ್ನ ಉತ್ತರಾಧಿಕಾರಿಯಾದ ಮೆಕ್ಯಾನಿಕ್ ನಮ್ಮ ಭಾಷೆಯನ್ನು ಮೊದಲ ವರ್ಷದಲ್ಲೇ ಕಲಿತ. ನಿಧಾನವಾಗಿ ಕಲಿಯುವವನು ಎಂದು ಮೊದಲ ನಮೂನೆಯಲ್ಲೇ ಬರೆದೆ.

ನಮ್ಮಲ್ಲಿ ಎರಡು ಪಂಪುಗಳಿವೆ. ಮೊದಲನೆಯದು ಕೆಳಗಿನ ಬಡಾವಣೆಗಳಿಗೂ ನಮ್ಮ ಬಂಗಲೆಗಳಿಗೂ ಹಗಲಿರುಳು ನೀರು ಕೊಡುತ್ತದೆ. ಎರಡನೆಯದು ಗುಡ್ಡದ ಮೇಲಿನ ಮನೆಗಳಿಗೆ ನೀರು ಏರಿಸುತ್ತದೆ. ಇದನ್ನು ತಜ್ಞನ ಸಮಕ್ಷಮದಲ್ಲಲ್ಲದೆ ಚಾಲೂ ಮಾಡಕೂಡದು. ಕೀಲಿ ನನ್ನ ಡ್ರಾಯರಿನಲ್ಲಿದೆ. ನಾನು ಕಚೇರಿಗೆ ಬರುವುದು ಮಂಗಳವಾರ ಮತ್ತು ಶುಕ್ರವಾರವಾದ್ದರಿಂದ ಗುಡ್ಡದವರಿಗೆ ಬಾಯಾರಿಕೆಯೂ ಅವೇ ದಿನಗಳಂದು ಆಗುವುದೆಂದು ಯೋಜನೆ ಅಂದಾಜು ಮಾಡಿದೆ.

ಕಳೆದ ತಿಂಗಳು ಎರಡನೇ ಪಂಪು ಕಿರುಚತೊಡಗಿತು. ಮೆಕ್ಯಾನಿಕ್ ಸ್ಕ್ರೂಡ್ರೈವರಿನ ತುದಿಯನ್ನು ಅದರ ಮೈಗೊತ್ತಿ, ಹಿಡಿಯನ್ನು ಕಿವಿಗಾನಿಸಿ ಕೇಳಿದ.

"ಹಿಂದಿನ ಬೇರಿಂಗು ಹೋಗಿದೆ ಸಾರ್."

ನಾನು ಕೈಪಿಡಿಯಲ್ಲಿ ಬೇರಿಂಗಿನ ಪುಟ ಹುಡುಕುವಷ್ಟರಲ್ಲಿ ಹಳೆಯದನ್ನು ಬಿಚ್ಚಿಟ್ಟಿದ್ದ.

"ಸಾರ್, ಟಾರ್ಚು ಸ್ವಲ್ಪ ಈ ಕಡೆ. ನನ್ನ ಮುಖಕ್ಕಲ್ಲ, ಪಂಪಿಗೆ."

ವರದಿಯಲ್ಲಿ ಹೀಗೆ ದಾಖಲಾಗಿದೆ: 'ತಜ್ಞರು ಬೇರಿಂಗ್ ಬದಲಾಯಿಸಿದರು. ಉತ್ತರಾಧಿಕಾರಿಯು ಗಮನವಿಟ್ಟು ನೋಡಿದನು.'

ಈ ವರ್ಷದ ನಮೂನೆಗೆ ಸಹಿ ಹಾಕಿಸಲು, ನಾನು ಕಚೇರಿಗೆ ಬರುವ ದಿನವಲ್ಲದಿದ್ದರೂ, ಸೋಮವಾರ ಬೆಳಿಗ್ಗೆ ಸಭೆ ಕರೆಯಲಾಯಿತು. ಬುಧವಾರ ನಾನು ಆರು ವಾರದ ರಜೆಯ ಮೇಲೆ ಹೊರಡುವವನಿದ್ದೆ. ಸಭೆ ನನ್ನ ಕೋಣೆಯಲ್ಲೇ ನಡೆಯಿತು. ನಿರ್ದೇಶಕರು, ನೀರು ಪರೀಕ್ಷಾ ತಜ್ಞರು ಮತ್ತು ನಾನು ಕೂತಿದ್ದೆವು. ಮೆಕ್ಯಾನಿಕ್ ನಿಂತಿದ್ದ.

"ಬೇಗ ಮುಗಿಸೋಣ. ಇಲ್ಲೊಂದು ಸಹಿ ಹಾಕಪ್ಪ," ಎಂದರು ನಿರ್ದೇಶಕರು.

ಮೆಕ್ಯಾನಿಕ್ ಹಾಕಲಿಲ್ಲ. "ಇವರು ಆರು ವಾರ ಇರಲ್ಲ ಸಾರ್. ಗುಡ್ಡದ ಮೇಲೆ ನೀರಿಗೇನು ಮಾಡೋದು?"

"ಅದು ಇವತ್ತಿನ ಕಾರ್ಯಸೂಚಿಯಲ್ಲಿಲ್ಲ."

"ಹೋದ ವರ್ಷ ಇವರು ರಜೆಗೆ ಹೋದಾಗ ನಮ್ಮಕ್ಕ ಕೊಡ ಹೊತ್ಕೊಂಡು ಮೆಟ್ಟಿಲ ಮೇಲೆ ಬಿದ್ಲು. ಮಣಿಕಟ್ಟು ಮುರೀತು."

ಅವನ ಅಕ್ಕ ನಮ್ಮ ಕಚೇರಿಯಲ್ಲಿ ಚಹಾ ಮಾಡುವವಳು. "ಛೆ, ಪಾಪ," ಎಂದು ನೀರು ಪರೀಕ್ಷಾ ತಜ್ಞರು ಮರುಗಿದರು. "ಆ ತಿಂಗಳು ಚಹಾ ಯಾಕೆ ತಣ್ಣಗಿರ್ತಿತ್ತು ಅಂತ ಈಗ ಗೊತ್ತಾಯ್ತು ನೋಡಿ."

ಆ ಹೊತ್ತಿಗೆ ಅಕ್ಕನೇ ಟ್ರೇ ಹಿಡಿದು ಬಂದಳು. ಎಡಗೈಯಲ್ಲಿ ಒಂದೊಂದೇ ಕಪ್ಪನ್ನು ನಮ್ಮ ಮುಂದಿಟ್ಟಳು. ನಮಗೂ ಅರ್ಥವಾಗಲೆಂದು ನಮ್ಮ ಭಾಷೆಯಲ್ಲೇ ತಮ್ಮನನ್ನು ಮಾತಾಡಿಸಿದಳು.

"ಹನ್ನೊಂದು ಸಲ ನಂಗೆ ಬರಲ್ಲ ಅಂತ ಬರ್ಕೊಟ್ಟಿದೀಯ ಕಣೋ. ಅಷ್ಟರಲ್ಲಿ ನನ್ನ ಮಗಳು ಹುಟ್ಟಿ, ನಡೆದು, ಐದನೇ ಕ್ಲಾಸು ಪಾಸಾದ್ಲು. ನಿಂಗೆ ಒಂದು ಗುಂಡಿ ಒತ್ತೋಕೆ ಬರಲಿಲ್ಲ."

"ಸುಮ್ನಿರಕ್ಕ."

"ನಾನು ಸುಮ್ನಿರ್ತೀನಪ್ಪ. ಬುಧವಾರದಿಂದ ಕೊಡ ನೀನು ಹೊರು."

ಸಹಿ ಹಾಕದಿದ್ದರೆ ಉತ್ತರಾಧಿಕಾರಿಯ ಹುದ್ದೆಯೇ ರದ್ದಾಗಬಹುದೆಂದು ನಿರ್ದೇಶಕರು ಪ್ರೀತಿಯಿಂದ ನೆನಪಿಸಿದರು. ಮೆಕ್ಯಾನಿಕ್ ಸ್ವಲ್ಪ ಹೊತ್ತು ಅಕ್ಕನ ಬಲಗೈಯನ್ನೇ ನೋಡಿದ. ಆಮೇಲೆ ನನ್ನ ಮೇಜಿನಿಂದ ಅಡಿಪಟ್ಟಿ ತೆಗೆದುಕೊಂಡು, ನಮೂನೆಯ ಮೇಲೆ ನಾಲ್ಕು ಗೆರೆ ಎಳೆದು ಒಂದು ಚೌಕ ಮಾಡಿದ. ಪಕ್ಕದಲ್ಲಿ 'ಕಲಿತಿದ್ದೇನೆ' ಎಂದು ಬರೆದ. ಚೌಕದೊಳಗೆ ಗುರುತು ಹಾಕಿ, ಕೆಳಗೆ ಸಹಿ ಮಾಡಿದ.

ನಿರ್ದೇಶಕರು ಕಾಗದವನ್ನು ಬೆಳಕಿಗೆ ಹಿಡಿದು ನೋಡಿ ತೀರ್ಪು ಕೊಟ್ಟರು. ಹದಿನೇಳನೇ ನಮೂನೆಯಲ್ಲಿ ಇಂಥ ಚೌಕವಿಲ್ಲ. ಆದ್ದರಿಂದ ಚೌಕ ಅಸಿಂಧು. ಸಹಿ ಮಾತ್ರ ನಿಗದಿತ ಜಾಗದಲ್ಲೇ ಇದೆ. ಆದ್ದರಿಂದ ಸಹಿ ಸಿಂಧು. ಅಲ್ಲದೆ, ನಮೂನೆ ತುಂಬುವುದನ್ನೇ ಅರಿಯದವನು ಇನ್ನೂ ಕಲಿತಿಲ್ಲವೆಂಬುದು ಈ ಚೌಕದಿಂದಲೇ ಸಾಬೀತಾಗಿದೆ.

"ಒಪ್ಪಿಗೆಯೇ?"

"ಒಪ್ಪಿಗೆ," ಎಂದರು ನೀರು ಪರೀಕ್ಷಾ ತಜ್ಞರು. ನಾನೂ ಒಪ್ಪಿದೆ. ನನ್ನ ಅವಧಿ ಒಂದು ವರ್ಷ ಮುಂದುವರಿಯಿತು. ಒಬ್ಬರಿಗೊಬ್ಬರು ಕೈಕುಲುಕಿದೆವು.

"ಹಾಗಾದ್ರೆ ಕೀಲಿ ಕೊಡಿ ಸಾರ್," ಎಂದ ಮೆಕ್ಯಾನಿಕ್.

"ನಾಳೆ," ಎಂದೆ ನಾನು, ಅವನದೇ ಭಾಷೆಯಲ್ಲಿ.

ಅವನು ಮೇಜು ಬಳಸಿ ಬಂದು, ನನ್ನ ಮೊಣಕಾಲು ಸರಿಸಿ, ಡ್ರಾಯರು ಎಳೆದು ಕೀಲಿ ತೆಗೆದುಕೊಂಡ. ಟ್ರೇಯನ್ನು ಮೇಜಿನ ಮೇಲಿದ್ದ ನಿಯಮಾವಳಿಯ ಪುಸ್ತಕದ ಮೇಲಿಟ್ಟು ಅಕ್ಕನೂ ಅವನ ಹಿಂದೆ ಹೋದಳು. ಅವನನ್ನು ತಡೆಯಬೇಕಾದವರು ಯಾರೆಂದು ತಿಳಿಯಲು ಟ್ರೇ ಸರಿಸಿ ನಿಯಮಾವಳಿ ತೆರೆದೆವು. ಅಂಥ ನಿಯಮ ಸಿಗಲಿಲ್ಲ. ಒಂದು ಹೊಸ ನಿಯಮದ ಕರಡು ಸಿದ್ಧಪಡಿಸಲು ಉಪಸಮಿತಿ ರಚಿಸಿದೆವು.

ನನ್ನ ಕಿಟಕಿಗೆ ಪಂಪುಮನೆಯ ಬಾಗಿಲು ಎದುರಾಗಿಯೇ ಇದೆ. ಅಲ್ಲಿಯ ಮಾತು ಕೇಳಿಸಲಿಲ್ಲ, ಕೈಗಳು ಮಾತ್ರ ಕಾಣುತ್ತಿದ್ದವು. ಅವನು ವಾಲ್ವು ತೋರಿಸಿದ, ಮೀಟರಿನ ಮುಳ್ಳು ತೋರಿಸಿದ, ಹಸಿರು ಗುಂಡಿ ತೋರಿಸಿದ. ಅವಳು ಏನೋ ಕೇಳಿದಳು. ಅವನು ನಕ್ಕು, ಮತ್ತೊಮ್ಮೆ ಮೊದಲಿನಿಂದ ತೋರಿಸಿದ. ಆಮೇಲೆ ಕೈಕಟ್ಟಿಕೊಂಡು ಪಕ್ಕಕ್ಕೆ ನಿಂತ. ಅಕ್ಕ ಎಡಗೈಯಿಂದ ಗುಂಡಿ ಒತ್ತಿದಳು.

ಮೇಜಿನ ಮೇಲಿನ ಕಪ್ಪುಬಸಿಗಳು ಗಲಗಲ ಸದ್ದು ಮಾಡತೊಡಗಿದವು. ಗಡಿಯಾರ ನೋಡಿದೆ. ಕಲಿಸಲು ಅವನಿಗೆ ನಾಲ್ಕು ನಿಮಿಷ ಹಿಡಿದಿತ್ತು.

ಅವನು ಕೀಲಿಯನ್ನು ಅವಳ ಕೈಗಿತ್ತ.