ವನಗೂರು ಜೀಪಿನಲ್ಲಿ ಉಸಿರಾಡದ ಗೊಂಬೆ

ವನಗೂರಿನ ಏರು ಹತ್ತಿಸೋದ್ರಲ್ಲಿ ನನ್ನಂಥ ಡ್ರೈವರ್ ಇನ್ನೂ ಹುಟ್ಟಿಲ್ಲ. ಕಾಡಾನೆಗಳೇ ನನ್ನ ಜೀಪು ನೋಡಿ ಸೈಡ್ ಕೊಡ್ತವೆ. ನಂಬಿಕೆ ಇಲ್ಲದಿದ್ರೆ ಆನೇನೇ ಕೇಳಿ. ಆದ್ರೆ ಸೂಲಗಿತ್ತಿಯರಿಗೆ ತರಬೇತಿ ಕೊಡೋ ಸಿಸ್ಟರು ಜೀಪು ಹತ್ತಿದ ಮೇಲೆ, ನಗೋ ಪ್ರಸಂಗಗಳು ತಾವೇ ಕೈ ಅಡ್ಡ ಹಿಡಿದು ಹತ್ತಿಕೊಂಡವು. ಅವರನ್ನ ಕರ್ಕಂಡು ಬರೋಕೆ ನಂಗೂ ಆತುರ ಇತ್ತು. ನನ್ನ ಮೊಮ್ಮಗಳ ಮೊದಲನೇ ಕೂಸು ಅಳದೇ ಹೋಗ್ಬುಟ್ಟಿತ್ತು. ಈಗ ಮತ್ತೆ ತುಂಬು ಬಸುರಿ.

ಟೀ ಅಂಗಡಿ

ಆಲೂರು ಬಸ್‌ಸ್ಟ್ಯಾಂಡಲ್ಲಿ ಸಿಸ್ಟರು ಒಂದು ರಬ್ಬರ್ ಕೂಸನ್ನ ನನ್ನ ಕೈಗಿಟ್ಟು, "ಜೋಪಾನ ಅಜ್ಜ, ಹುಟ್ಟಿದ ಕೂಡಲೇ ಅಳದ ಮಗುವಿಗೆ ಉಸಿರು ಕೊಡೋದನ್ನ ಇದರ ಮೇಲೇ ಕಲಿಸೋದು" ಅಂದ್ರು. ಟವೆಲ್ ಸುತ್ತಿ ಕಂಕುಳಲ್ಲಿ ಇಟ್ಕಂಡು ಟೀಗೆ ಇಳಿದೆ.

ಅಂಗಡಿಯವಳು, "ಕುಲಾವಿನೂ ಹಾಕಿಲ್ಲ ಮಾರಾಯ. ಕೂಸಿಗೆ ಏನಾಗೈತೆ?" ಅಂದ್ಳು.

"ಬೆಳಿಗ್ಗೆಯಿಂದ ಉಸಿರೇ ಆಡಿಲ್ಲ ಕಣವ್ವ. ವನಗೂರಿಗೆ ಹೋಗಿ ಆಡುಸ್ತೀವಿ. ಮೊದ್ಲು ಒಂದು ಬನ್ನು ಕೊಡು."

ಬನ್ನು ಬರಲಿಲ್ಲ. ಅಂಗಡೀಲಿದ್ದವರೆಲ್ಲ ಜೀಪು ಹತ್ತಿ ಕೂತು, "ಆಸ್ಪತ್ರೆಗೆ ಓಡ್ಸೋ ಪಾಪಿ" ಅಂದ್ರು.

ಬಿಸಿನೀರು

ಎಸ್ಟೇಟ್ ಸ್ಟೋರಲ್ಲಿ ತರಬೇತಿ. ನಮ್ಮ ಕೂಲಿ ಲೈನಿನ ಸೂಲಗಿತ್ತಿ ಅಜ್ಜಿ, ಮೊದಲಿಂದಲೂ ಕೂಸು ಅಳದಿದ್ರೆ ತಲೆಕೆಳಗು ಮಾಡಿ ಬಡಿಯೋಳು, ಕಿವಿ ಹತ್ರ ಕಂಚಿನ ಗಂಗಳ ಬಾರಿಸೋಳು. ಸಿಸ್ಟರು, "ಅದೆಲ್ಲ ಬೇಡಮ್ಮ. ಒರೆಸಿ, ಬೆಚ್ಚಗೆ ಇಟ್ಟು, ಬೆನ್ನು ಸವರಿ. ಆಗಲೂ ಉಸಿರಿಲ್ಲ ಅಂದ್ರೆ ಮೂಗು ಬಾಯಿ ಮುಚ್ಚೋ ಹಾಗೆ ಮಾಸ್ಕ್ ಇಟ್ಟು ಗಾಳಿಚೀಲ ಒತ್ತಿ. ಮೆಲ್ಲಗೆ, ಚಿಕ್ಕ ಎದೆ" ಅಂದ್ರು.

ಅಜ್ಜಿ ಲಾರಿ ಟೈರಿಗೆ ಗಾಳಿ ಹೊಡೆದಂಗೆ ಒತ್ತಿದ್ಳು. ಕೊನೆಗೆ ಕೈ ಹದಕ್ಕೆ ಬಂತು, ಗೊಂಬೆ ಎದೆ ಏರಿತು.

ಸಿಸ್ಟರು ಕಾಫಿ ಕುಡಿದು ಬರೋದ್ರೊಳಗೆ ಗೊಂಬೆಗೆ ಹರಳೆಣ್ಣೆ ತಿಕ್ಕಿ, ನೀರು ಹುಯ್ದು, ಸಾಂಬ್ರಾಣಿ ಹೊಗೆ ಕೊಟ್ಟು ಆಗಿತ್ತು. "ಯಾಕಮ್ಮ ಹೀಗೆ ಮಾಡಿದ್ರಿ?" ಅಂತ ಸಿಸ್ಟರು ಕೇಳಿದ್ರೆ ಅಜ್ಜಿ, "ಉಸಿರು ಬಂದ್ಮೇಲೆ ನೀರು ಹುಯ್ಯದೆ ಬುಡ್ತಾರಾ? ಬಾಣಂತಿಗೂ ಕಾಯ್ಸಿದೀನಿ, ಬಾ ಕೂತ್ಕ" ಅಂತ ಸಿಸ್ಟರ ಕೈ ಹಿಡಿದು ಎಳೆದ್ಳು.

ಹಾರ್ನು

ಸಿಸ್ಟರು ಮತ್ತೆ ಬಂದಿದ್ದ ದಿನವೇ ಮೊಮ್ಮಗಳಿಗೆ ನೋವು ಶುರುವಾಯ್ತು. ಅವಳ ಜೊತೆ ಸಿಸ್ಟರು, ಅಜ್ಜಿ ಇಬ್ಬರನ್ನೂ ಹತ್ತಿಸ್ಕಂಡು ಸಕಲೇಶಪುರದ ಕಡೆ ಜೀಪು ಹಾರಿಸಿದೆ. ಚಕ್ರ ನೆಲಕ್ಕೆ ತಾಗಿದ್ದು ತಿರುವುಗಳಲ್ಲಿ ಮಾತ್ರ. ಅರ್ಧ ದಾರೀಲಿ ಹೆರಿಗೆ ಆಗೇಬುಡ್ತು. ಸದ್ದಿಲ್ಲ. ಹೋದ ಸಲದ್ದೇ ಮೌನ.

ನನ್ನ ಕೈ ತಾನಾಗೇ ಹಾರ್ನಿಗೆ ಹೋಯ್ತು. ನನ್ನ ಹಾರ್ನಿಗೆ ಎಡಕುಮೇರೀಲಿ ರೈಲೇ ನಿಂತೈತೆ, ಕೂಸು ಏಳಲ್ವಾ?

"ಕೈ ತೆಗಿಯೋ," ಅಜ್ಜಿ ಗದರಿದ್ಳು. "ಗಾಡಿ ಆಫ್ ಮಾಡು."

ಸಿಸ್ಟರು ಮೊಮ್ಮಗಳನ್ನ ನೋಡ್ಕತಿದ್ರು. ಅಜ್ಜಿ ಒರೆಸಿದ್ಳು, ಬೆನ್ನು ಸವರಿದ್ಳು, ಮಾಸ್ಕ್ ಇಟ್ಲು. "ಮೆಲ್ಲಗೆ, ಚಿಕ್ಕ ಎದೆ" ಅಂತ ತನಗೆ ತಾನೇ ಹೇಳ್ಕಂಡು ಒತ್ತಿದ್ಳು.

ಕುಂಯ್ ಅಂತು. ಆಮೇಲೆ ಘಾಟಿಗೆಲ್ಲ ಕೇಳೋ ಹಂಗೆ ಅತ್ತಿತು. ಮೊಮ್ಮಗಳೂ ಅತ್ಲು.

ಆಸ್ಪತ್ರೆ ಬಾಗಿಲಲ್ಲಿ ವಾಚ್‌ಮ್ಯಾನಿಗೂ ಎಳನೀರಿನವನಿಗೂ ಹೇಳ್ದೆ: ಸರಿಯಾದ ಹೊತ್ತಿಗೆ ನಾನು ಇಂಜಿನ್ ಆಫ್ ಮಾಡಿದ್ದಕ್ಕೇ ಕೂಸು ಉಳೀತು. ಮೂರನೇ ಸಲ ಹೇಳೋ ಹೊತ್ತಿಗೆ ಅಜ್ಜಿ ಸಿಸ್ಟರ ಕಡೆ ತಿರುಗಿದ್ಳು.

"ಕೂಸಿನ ಬಾಯಿ ತೆರೆಸೋದು ಕಲಿಸ್ಬುಟ್ರಿ ಕಣವ್ವ. ಈ ಮುದುಕನ ಬಾಯಿ ಮುಚ್ಚಿಸೋ ತರಬೇತಿ ಯಾವತ್ತು?"