ಹತ್ತು ಕೋರಿನ ಫೋನೂ ಶನಿವಾರದ ಸೌನಾವೂ

ಶನಿವಾರ ಸಂಜೆ ಆರು ಗಂಟೆಯ ಸೌನಾ ಸರದಿ ಖಾಲಿಯಾಯಿತು ಎಂಬ ಸುದ್ದಿ ಕೇಳಿದ ದಿನವೇ ರೌನೊ ಹೊಸ ಫೋನು ತಂದ. ಹಿಮನಾಡಿನ ಔಲು ಊರಿನ ಆ ವಠಾರದಲ್ಲಿ ಬಿಸಿಹಬೆಯಲ್ಲಿ ಮೈ ಕಾಯಿಸಿಕೊಳ್ಳುವ ಸೌನಾ ಕೋಣೆ ಒಂದೇ, ವಾರಕ್ಕೆ ಮನೆಗೊಂದೇ ಸರದಿ. ರೌನೊನ ಪಾಲಿಗೆ ಬಂದದ್ದು ಗುರುವಾರ ಮಧ್ಯಾಹ್ನ ಮೂರು ಗಂಟೆ. "ಹೊಟ್ಟೆಪಾಡು ಮುಗಿಸಿದ ಮುದುಕರ ಹೊತ್ತು" ಎಂದು ಭಾವಮೈದುನ ಬಂದಾಗಲೆಲ್ಲ ನಗುತ್ತಿದ್ದ. ಆ ನಗು ರೌನೊನ ಎದೆಯಲ್ಲಿ ಮುಳ್ಳಿನ ಹಾಗೆ ಕೂತಿತ್ತು.

ಖಾಲಿ ಸರದಿ ಮೇ ತಿಂಗಳ ಮೊದಲ ಭಾನುವಾರ, ಮಧ್ಯಾಹ್ನ ಹನ್ನೆರಡಕ್ಕೆ ಫೋನಿನಲ್ಲಿ ತೆರೆದುಕೊಳ್ಳುವುದಿತ್ತು. ಮೊದಲು ಒತ್ತಿದವರಿಗೆ ಸರದಿ. ಅದೇ ದಿನ ವಠಾರದವರೆಲ್ಲ ಸೇರಿ ಅಂಗಳ ಗುಡಿಸುವ ವಾಡಿಕೆ. ರೌನೊ ಬಾಚುಗೋಲು ಹಿಡಿದು ಬಂದನಾದರೂ ಗುಡಿಸಿದ್ದು ಕಡಿಮೆ, ಕೊಚ್ಚಿಕೊಂಡದ್ದೇ ಹೆಚ್ಚು.

"ಹತ್ತು ಕೋರ್ ಕಣೇ ಹಿಲ್ಕಾ! ಒಳಗೆ ಹತ್ತು ಮಿದುಳು ಇದ್ದ ಹಾಗೆ. ಇದೇ ಊರಿನ ಫೋನ್ ಕಾರ್ಖಾನೆಯಲ್ಲಿ ಜೀವ ಸವೆಸಿದವನು ನಾನು, ನನಗೆ ಗೊತ್ತಿಲ್ವಾ?"

ಕೆಳಮನೆಯ ಹಿಲ್ಕಾ ವಠಾರದ ಲೆಕ್ಕ, ಬೀಗ, ಜಗಳ ಎಲ್ಲವನ್ನೂ ನೋಡಿಕೊಳ್ಳುವವಳು. ಅವಳ ಫೋನಿನ ಗಾಜು ಒಡೆದು ಜೇಡರ ಬಲೆಯಾಗಿತ್ತು. ಅವಳು ಅಂಗಳದತ್ತ ಕೈ ತೋರಿಸಿದಳು. "ಅಲ್ನೋಡು. ಹತ್ತು ಜನ ಬಂದಿದಾರೆ, ತಳ್ಳುಗಾಡಿ ಒಂದೇ. ಒಬ್ಬ ತಳ್ತಾನೆ, ಒಂಬತ್ತು ಜನ ಕಾಫಿ ಕುಡೀತಾರೆ. ನಿನ್ ಫೋನೂ ಹಂಗೇ ಇರ್ಬೇಕು."

"ನನ್ ಫೋನಿಗೆ ಹಂಗಂತೀಯಾ!"

"ಮುನಿಸ್ಕೋಬೇಡ ಮಾರಾಯ. ಒಂದ್ಸಲ ಒತ್ತಿದ್ರೆ ಸರದಿ ನಿಂದು. ಬೇಡಾಂದ್ರೆ ಅದೇ ಗುಂಡೀನ ಇನ್ನೊಂದ್ಸಲ ಒತ್ತಿದ್ರೆ ಹೋಗುತ್ತೆ. ಅದಕ್ಕೆ ಯಾಕೆ ಹತ್ತು ಮಿದುಳು?"

ರೌನೊಗೆ ರೇಗಿತು. ಹತ್ತೂ ಕೋರಿಗೆ ಕೆಲಸ ಕೊಟ್ಟೇ ತೋರಿಸುತ್ತೇನೆಂದು ಸಿನಿಮಾ, ಆಟ, ನಕ್ಷೆ, ಹಾಡು ಎಲ್ಲವನ್ನೂ ಒಟ್ಟಿಗೇ ಓಡಿಸಿದ. ಎಲ್ಲವೂ ಓಡಿದವು! ಸುತ್ತ ನಿಂತವರು "ಭಲೇ" ಎಂದರು. ರೌನೊ ಬೀಗಿದ. ಆದರೆ ಫೋನು ಕೈಯಲ್ಲಿ ಹಿಡಿಯಲಾಗದಷ್ಟು ಕಾದಿತ್ತು.

ಸೌನಾದಲ್ಲಿ ಬೆಂದ ಮೈಯನ್ನು ಹಿಮದಲ್ಲಿ ಹೊರಳಾಡಿಸಿ ತಣಿಸುವವನಿಗೆ ಬೇರೆ ಏನು ಹೊಳೆಯಬೇಕು? ಗೋಡೆಯ ನೆರಳಲ್ಲಿ ಇನ್ನೂ ಕರಗದ ಹಿಮದ ರಾಶಿಯಿತ್ತು. ಫೋನನ್ನು ಅದರೊಳಗೆ ಹೂತಿಟ್ಟ.

ಹನ್ನೆರಡಕ್ಕೆ ತೆಗೆದರೆ ಫೋನು ಕಪ್ಪಗೆ ಕಣ್ಣು ಮುಚ್ಚಿತ್ತು.

"ಅಯ್ಯೋ ದೇವರೇ!" ಅದನ್ನು ಟೋಪಿಯಲ್ಲಿ ಸುತ್ತಿದ, ಕಂಕುಳಲ್ಲಿ ಒತ್ತಿದ, ಬಾಯಿಂದ ಊದಿದ. ಅಕ್ಕಪಕ್ಕದವರು ತಲೆಗೊಂದು ಸಲಹೆ ಕೊಟ್ಟರು. ಕೊನೆಗೂ ಫೋನಿಗೆ ಜೀವ ಬಂತು. ಸೌನಾದ ಪುಟ ಕಣ್ಣುಮಿಟುಕಿಸುವಷ್ಟರಲ್ಲಿ ಎದುರಿಗೆ ಬಂದು ನಿಂತಿತು. ಮೇಲೇನೋ ಹಸಿರಕ್ಷರಗಳಿದ್ದವು; ಅವನ್ನೆಲ್ಲ ಓದುವ ತಾಳ್ಮೆ ಯಾರಿಗಿತ್ತು!

ಅಂಗಳದ ಆಚೆ ಸಾಸೇಜು ಸುಡುತ್ತಿದ್ದ ಹೆಂಡತಿ ಲೈಲಾ ಇಕ್ಕಳ ಹಿಡಿದೇ ಓಡಿ ಬಂದಳು. "ರೌನೊ! ಮುಟ್ಬೇಡ!"

"ನೀನೂ ನನ್ ಫೋನ್ ನಂಬಲ್ವಾ? ನೋಡೀಗ!" ರೌನೊ ಒತ್ತಿಯೇಬಿಟ್ಟ. "ಆಯ್ತು! ಗಾಳಿ ಕೂಡ ಅಲುಗಾಡ್ಲಿಲ್ಲ, ಅಷ್ಟು ಬೇಗ!"

ಲೈಲಾ ಹಣೆ ಚಚ್ಚಿಕೊಂಡಳು. "ನೀನು ಬೇಡಾಂತ ನಂಗೆ ಕೊಟ್ಟ ಹಳೇ ಡಬ್ಬಾ ಫೋನಲ್ಲಿ ಹನ್ನೆರಡಕ್ಕೇ ಒತ್ತಿದ್ದೆ ಕಣೋ. ಶನಿವಾರ ನಮ್ಮದಾಗಿತ್ತು. ಇಬ್ಬರ ಫೋನಿಗೂ ಮನೆ ಲೆಕ್ಕ ಒಂದೇ. ಈಗ ನೀನು ಎರಡನೇ ಸಲ ಒತ್ತಿದೀಯ, ಹೋಯ್ತು."

ರೌನೊ ಮತ್ತೆ ಒತ್ತಲು ಬೆರಳೆತ್ತಿದ. ಅಷ್ಟರಲ್ಲಿ ಪಕ್ಕದಲ್ಲಿ ಟಿಂಗ್ ಎಂದಿತು.

"ಅರೆ, ಶನಿವಾರ ಖಾಲಿ ಅಂತ ತೋರಿಸ್ತು, ಒತ್ತಿದೆ," ಎಂದಳು ಹಿಲ್ಕಾ, ಒಡೆದ ಗಾಜನ್ನು ತೋಳಿಗೆ ಒರೆಸುತ್ತ. "ನನಗೇ ಬಂತು!"

ಅಂಗಳವಿಡೀ ಚಪ್ಪಾಳೆ ತಟ್ಟಿತು. ಲೈಲಾ ಗಂಡನ ಕೈಗೆ ಬಾಚುಗೋಲು ಕೊಟ್ಟಳು. ರೌನೊ ಎರಡು ಸಲ ಎಲೆ ಎಳೆದು ನಿಂತ. ಆಮೇಲೆ ಮೆಲ್ಲಗೆ ತಲೆಯೆತ್ತಿದ, ಎದೆಯೂ ಎದ್ದಿತು.

"ಏನೇ ಹೇಳು ಲೈಲಾ, ನಿನ್ ಡಬ್ಬಾದಲ್ಲಿ ಒತ್ತಿದ್ರೆ ರದ್ದಾಗೋಕೆ ಹೊತ್ತು ಹಿಡೀತಿತ್ತು. ಹಿಲ್ಕಾಗೆ ಇಷ್ಟು ಬೇಗ ಸಿಕ್ಕಿದ್ದು ಯಾರ ಫೋನಿಂದ, ಹೇಳು?"