ಲ್ಯಾಪ್‌ಟಾಪಿನ ಹಣೆಗೊಂದು ಬೊಟ್ಟು

ಕಂಪ್ಯೂಟರ್ ಹುಚ್ಚು ಹಿಡಿದವನ ಮನೆಯಲ್ಲಿ ನಗೆಪಾಟಲಿಗೆ ಬರ ಅನ್ನೋದೇ ಇರುವುದಿಲ್ಲ. ನಗುವ ಸರದಿ ಮಾತ್ರ ಯಾಕೋ ಯಾವಾಗಲೂ ಬೇರೆಯವರಿಗೇ ಬರುತ್ತದೆ.

ನಾನು ಹೊಳಲ್ಕೆರೆಯಲ್ಲಿ ಹೈಸ್ಕೂಲ್ ಗಣಿತದ ಮೇಷ್ಟ್ರು. ಪಾಠ ಹೇಳೋದು ಹೊಟ್ಟೆಪಾಡು, ಕಂಪ್ಯೂಟರ್ ಬಿಚ್ಚೋದು ಪ್ರಾಣ. ನಡುಮನೆಯ ಕಿಟಕಿ ಪಕ್ಕ ನನ್ನದೊಂದು ಟೇಬಲ್, ಅದರ ಬೆನ್ನಿಗೆ ಒಂದು ಕಬ್ಬಿಣದ ರ‍್ಯಾಕು. ರ‍್ಯಾಕಿನ ತುಂಬ ಹಳೇ ಮಾನಿಟರು, ಉಸಿರು ನಿಂತ ಪ್ರಿಂಟರು, ಸಿಕ್ಕುಬಿದ್ದ ವೈರು. ಓಣಿಯವರಿಗೆ ನನ್ನ ಮೇಲೆ ಎಷ್ಟು ಭಕ್ತಿಯೆಂದರೆ ಮಿಕ್ಸಿ ಕೆಟ್ಟರೂ ನನ್ನ ಹತ್ತಿರವೇ ತರುತ್ತಾರೆ. "ಕಂಪ್ಯೂಟ್ರೇ ಬಿಚ್ಚೋ ಮೇಷ್ಟ್ರಿಗೆ ಮಿಕ್ಸಿ ಯಾವ ಲೆಕ್ಕ!" ಅನ್ನುತ್ತಾರೆ. ನಾನೂ ಉಬ್ಬಿಹೋಗಿ ಬಿಚ್ಚುತ್ತೇನೆ. ಆಮೇಲೆ ಅದೂ ರ‍್ಯಾಕಿಗೆ ಸೇರುತ್ತದೆ.

ನನ್ನ ಹೆಂಡತಿಗೆ ಹೊಲಿಗೆ ಅಂದರೆ ಪ್ರಾಣ. ಅವಳ ಹೊಲಿಗೆ ಮಿಷಿನ್ನು ಇದ್ದದ್ದು ಅಡುಗೆಮನೆಯ ಕತ್ತಲೆ ಮೂಲೆಯಲ್ಲಿ. ಯುಗಾದಿಗೆ ಮನೆ ತೊಳೆಯುವಾಗ ಅವಳ ತಾಳ್ಮೆಯ ಕಟ್ಟೆಯೊಡೆಯಿತು.

"ರೀ, ಈ ಮನೇಲಿ ಬೆಳಕಿರೋದು ಇದೊಂದು ಕಿಟಕಿ ಹತ್ರ. ನಾನು ಕತ್ಲಲ್ಲಿ ಕುಂತು ಸೂಜಿಗೆ ದಾರ ಹುಡುಕ್ತೀನಿ, ನಿಮ್ಮ ಸತ್ತ ಡಬ್ಬಗಳು ಇಲ್ಲಿ ಬಿಸ್ಲು ಕಾಯಿಸ್ಕಂತಾ ಅವೆ. ಇವುಗಳಿಂದ ಈ ಮನೆಗೆ ಒಂದೇ ಒಂದು ಉಪಕಾರ ಆಗ್ಲಿ, ನಾನು ಬಾಯಿ ಮುಚ್ಕಂತೀನಿ. ಆಗ್ಲಿಲ್ವಾ, ಆಯುಧಪೂಜೆ ಮಾರನೇ ದಿನ ಗುಜರಿಯವ್ನನ್ನ ಕರೀತೀನಿ."

ಹುಟ್ಟಿದ ಊರು ಬಿಡು ಅಂದಿದ್ದರೂ ಇಷ್ಟು ಸಂಕಟವಾಗುತ್ತಿರಲಿಲ್ಲ. ಅಂದಿನಿಂದ ಉಪಕಾರ ಮಾಡಲು ಟೊಂಕ ಕಟ್ಟಿದೆ.

ಸಂಡಿಗೆಗೆ ಕಾವಲು

ಬೇಸಿಗೆಯಲ್ಲಿ ಅವಳು ಮಾಳಿಗೆ ಮೇಲೆ ಸಂಡಿಗೆ ಹಾಕಿದಳು. ನಮ್ಮ ಓಣಿಯ ಕೋತಿಗಳಿಗೆ ಸಂಡಿಗೆ ಹಾಕುವ ದಿನ ನಮಗಿಂತ ಮೊದಲೇ ಗೊತ್ತಾಗುತ್ತದೆ. ನಾನು ರ‍್ಯಾಕಿನಿಂದ ಒಂದು ಹಳೇ ಮೊಬೈಲ್ ತೆಗೆದು, ಅದನ್ನು ಕ್ಯಾಮೆರಾ ಮಾಡಿ ನೀರಿನ ಟ್ಯಾಂಕಿಗೆ ಕಟ್ಟಿದೆ. ಮಾಳಿಗೆ ಮೇಲೆ ಏನೇ ಅಲುಗಾಡಿದರೂ ಕೆಳಗೆ ಲ್ಯಾಪ್‌ಟಾಪ್ ಕೂಗಿಕೊಳ್ಳಬೇಕು, ಹಾಗೆ ಮಾಡಿದ್ದೆ.

ಕೂಗಿತು. ಒಣಹಾಕಿದ ಸೀರೆ ಅಲುಗಿದಾಗ ಕೂಗಿತು, ಕಾಗೆ ಕೂತಾಗ ಕೂಗಿತು, ಕೋಲು ಹಿಡಿದು ಹೆಂಡತಿ ಓಡಿಹೋದಾಗ ಅವಳನ್ನು ನೋಡಿಯೂ ಕೂಗಿತು. ಮೆಟ್ಟಿಲು ಹತ್ತಿ ಇಳಿದು ಅವಳ ಮುಖ ಕೆಂಪೇರಿತು. ಕೊನೆಗೆ, "ಇನ್ನೊಂದ್ಸಲ ಕೂಗಿದ್ರೆ ನೀವೇ ಹೋಗ್ರಿ" ಎಂದು ಕೂತುಬಿಟ್ಟಳು.

ಮತ್ತೆ ಕೂಗಿತು. ನಾನು ಲ್ಯಾಪ್‌ಟಾಪಿನಲ್ಲಿ ನೋಡಿದೆ. ಈ ಸಲ ನಿಜವಾದ ಕೋತಿಯೇ! ಸಂಡಿಗೆಯ ಕಡೆ ತಿರುಗಿಯೂ ನೋಡದೆ ಸೀದಾ ಕ್ಯಾಮೆರಾದ ಹತ್ತಿರ ಬಂತು. ಕಣ್ಣು ಕಂಡಿತು, ಮೂಗು ಕಂಡಿತು, ಆಮೇಲೆ ಹಲ್ಲು, ನಾಲಗೆ, ಅಲ್ಲಿಂದಾಚೆ ಕತ್ತಲೆ. ನಾನು ಮಾಳಿಗೆ ಸೇರುವಷ್ಟರಲ್ಲಿ ಮೊಬೈಲ್ ಕಚ್ಚಿಕೊಂಡು ಅದು ಮೂರನೇ ಮನೆಯ ತೆಂಗಿನ ಮರದಲ್ಲಿತ್ತು.

ಹೆಂಡತಿ ಸಂಡಿಗೆಯನ್ನು ನೋಡಿದಳು. ಒಂದೂ ಕದಲಿರಲಿಲ್ಲ.

"ಪರವಾಗಿಲ್ರೀ, ಚೆನ್ನಾಗಿ ಕೆಲ್ಸ ಮಾಡ್ತೈತೆ. ನಾಳೆ ಹಪ್ಪಳ ಹಾಕ್ತೀನಿ, ಅದಕ್ಕೊಂದು ಮೊಬೈಲ್ ಕೊಡ್ರಿ."

ಇದನ್ನು ಉಪಕಾರದ ಲೆಕ್ಕಕ್ಕೆ ಹಿಡಿ ಎಂದು ಕೇಳಿದೆ. ಹಿಡಿಯಲಿಲ್ಲ.

ಮೋಟರಿಗೆ ಫೋನು

ಮನೆಯಲ್ಲಿ ಆಗದ್ದನ್ನು ಹೆಂಡತಿಯ ತೌರಿನಲ್ಲಾದರೂ ಸಾಧಿಸೋಣ ಎಂದು ಶ್ರೀರಾಂಪುರದ ಬಸ್ಸು ಹತ್ತಿದೆ. ಮಾವನವರು ಬೋರಿನ ಮೋಟರ್ ಹಾಕಲು ದಿನಾ ಊರಿಂದ ತೋಟಕ್ಕೆ ನಡೆಯಬೇಕಿತ್ತು. ಮೊಬೈಲಿನಿಂದಲೇ ಮೋಟರ್ ಚಾಲೂ ಆಗುವ ಸ್ಟಾರ್ಟರ್ ಹಾಕಿಕೊಟ್ಟೆ. "ಇನ್ಮೇಲೆ ಜಗಲಿ ಮೇಲೆ ಕುಂತ್ಕಂಡೇ ನೀರು ಬಿಡಬಹುದು ಮಾವ" ಎಂದೆ. ಮಾವನವರು ಮೊಬೈಲನ್ನು ಕಣ್ಣಿಗೊತ್ತಿಕೊಂಡರು.

ತಿಂಗಳು ಕಳೆದ ಮೇಲೆ ಹೋದರೆ ಮನೆಯಲ್ಲಿ ಅವರಿರಲಿಲ್ಲ. "ತೋಟಕ್ಕೆ ಹೋದ್ರು, ಮೋಟರ್ ಹಾಕಾಕೆ" ಎಂದರು ಅತ್ತೆ. ನಾನು ಗಾಬರಿಯಾಗಿ ತೋಟಕ್ಕೆ ಹೋದೆ. ಮಾವನವರು ಸ್ಟಾರ್ಟರ್ ಪೆಟ್ಟಿಗೆಗೆ ಒಂದು ಗೇಣು ದೂರದಲ್ಲಿ ನಿಂತು, ಮೊಬೈಲ್ ತೆಗೆದು, ಕನ್ನಡಕ ಹಾಕಿಕೊಂಡು ಗುಂಡಿ ಒತ್ತುತ್ತಿದ್ದರು.

"ಯಾಕೆ ಮಾವ, ಮನೇಲಿಂದ್ಲೇ ಒತ್ತಬಹುದಲ್ಲ?"

"ಮನೇಲಿ ಸಿಗ್ನಲ್ ಇಲ್ಲಪ್ಪ. ಇಲ್ಲಿ ಚೆನ್ನಾಗಿ ಸಿಗ್ತೈತೆ."

"ಇಲ್ಲೀತನಕ ಬಂದ್ಮೇಲೆ ಪೆಟ್ಟಿಗೆ ಸ್ವಿಚ್ಚೇ ಒತ್ತಬಹುದಿತ್ತು."

ಮಾವನವರು ನನ್ನ ಹೆಗಲ ಮೇಲೆ ಕೈಯಿಟ್ಟರು. "ಅಳಿಯಂದ್ರು ಪ್ರೀತಿಯಿಂದ ಮಾಡ್ಕೊಟ್ಟೀರಿ. ಬಿಡಾಕಾಗ್ತೈತಾ?"

ಈ ಸುದ್ದಿ ನನಗಿಂತ ಮೊದಲೇ ಹೊಳಲ್ಕೆರೆ ಮುಟ್ಟಿತ್ತು. ನಾನು ಮನೆ ಸೇರುವಾಗ ಹೆಂಡತಿ ಅಳತೆ ಟೇಪು ಹಿಡಿದು ರ‍್ಯಾಕಿನ ಜಾಗ ಅಳೆಯುತ್ತಿದ್ದಳು.

ಹಣೆ ಎಲ್ಲೈತೆ?

ಉಳಿದದ್ದು ಒಂದೇ ಅವಕಾಶ. ಹೆಂಡತಿಯ ತಂಗಿಗೆ ಹಿರಿಯೂರಿನ ಸಂಬಂಧವೊಂದು ಬಂದಿತ್ತು. ಹುಡುಗ ಮತ್ತು ಅವನ ಅಪ್ಪ ಅಮ್ಮ ಹಾಲುರಾಮೇಶ್ವರದ ದೇವಸ್ಥಾನದಲ್ಲಿ ಹುಡುಗಿಯನ್ನು ನೋಡಿ ಒಪ್ಪಿದ್ದರು. ಆದರೆ ಆ ಮನೆಯಲ್ಲಿ ಕೊನೆಯ ಮಾತು ಹುಡುಗನ ಅಜ್ಜಿಯದು, ಅಜ್ಜಿಗೆ ಮಂಡಿನೋವು. ಆಯುಧಪೂಜೆ ದಿನ ಎಲ್ಲರೂ ಮನೆಯಲ್ಲಿರುತ್ತಾರೆ, ವೀಡಿಯೋದಲ್ಲೇ ತೋರಿಸಿಬಿಡೋಣ ಎಂದು ನಾನೇ ಮುಂದೆ ಬಿದ್ದೆ. ಶ್ರೀರಾಂಪುರದ ಮನೆಯಲ್ಲಿ ಸಿಗ್ನಲ್ ಇಲ್ಲದ್ದು ಸಾಬೀತಾಗಿತ್ತಲ್ಲ, ಹಾಗಾಗಿ ಅತ್ತೆ, ಮಾವ, ನಾದಿನಿ ಎಲ್ಲರೂ ನಮ್ಮ ಮನೆಗೇ ಬಂದರು.

"ಇದೊಂದು ನೆಟ್ಟಗೆ ಮಾಡ್ರಿ" ಎಂದಳು ಹೆಂಡತಿ. ಅವಳ ದನಿಯಲ್ಲಿ ಚೇಷ್ಟೆ ಇರಲಿಲ್ಲ. ತಂಗಿಯ ಬದುಕಿನ ಮಾತು.

ಬೆಳಿಗ್ಗೆ ನಾನು ಬೂದುಗುಂಬಳಕಾಯಿ ತರಲು ಹೋಗಿದ್ದಾಗ ಅತ್ತೆ ಪೂಜೆ ಮುಗಿಸಿದ್ದರು. ಬಂದವನೇ ಗಡಿಬಿಡಿಯಲ್ಲಿ ಲ್ಯಾಪ್‌ಟಾಪನ್ನು ಟಿವಿಗೆ ಸೇರಿಸಿದೆ. ಟಿವಿಯ ತುಂಬ ಹಿರಿಯೂರಿನ ಅಜ್ಜಿ, ಸೆರಗು ಹೊದ್ದು, ಮಹಾರಾಣಿಯ ಗತ್ತಿನಲ್ಲಿ ಕೂತಿದ್ದರು. ನಾದಿನಿ ರೇಷ್ಮೆ ಸೀರೆಯುಟ್ಟು ನನ್ನ ಟೇಬಲ್ಲಿನ ಮುಂದೆ ಕೂತಳು.

"ಎಲ್ಲವ್ವ ಹುಡುಗಿ? ಬರೀ ಕೆಂಪು ಕತ್ಲೆ ಕಾಣ್ತೈತೆ" ಎಂದರು ಅಜ್ಜಿ.

"ಒಂದ್ನಿಮಿಷ ಅಜ್ಜಿ, ಸೆಟ್ಟಿಂಗು" ಎಂದೆ. ಸೆಟ್ಟಿಂಗೆಲ್ಲ ಸರಿಯಿತ್ತು. ಲ್ಯಾಪ್‌ಟಾಪ್ ಆರಿಸಿ ಮತ್ತೆ ಹಚ್ಚಿದೆ. ಕೆಂಪು ಕತ್ತಲೆ. ಹೆಂಡತಿ ನನ್ನನ್ನೇ ದುರುಗುಟ್ಟಿ ನೋಡುತ್ತಿದ್ದಳು. ಬೆವರೊರೆಸಿಕೊಂಡು ರ‍್ಯಾಕಿನಿಂದ ಇನ್ನೊಂದು ಕ್ಯಾಮೆರಾ ಎಳೆದು ಚುಚ್ಚಿದೆ. ಅದರಲ್ಲೂ ಕೆಂಪು ಕತ್ತಲೆ! ಎರಡು ಕ್ಯಾಮೆರಾಗಳಿಗೂ ಒಂದೇ ರೋಗವೇ ಎಂದು ಬಗ್ಗಿ ಹತ್ತಿರದಿಂದ ನೋಡಿದೆ.

ಲ್ಯಾಪ್‌ಟಾಪಿನ ಪರದೆಯ ಮೇಲಂಚಿಗೆ ಮೂರು ಬೆರಳಿನ ವಿಭೂತಿ. ನಟ್ಟನಡುವೆ, ಸರಿಯಾಗಿ ಕ್ಯಾಮೆರಾದ ಮೇಲೆ, ನೀರಲ್ಲಿ ಕಲಸಿದ ದಪ್ಪ ಕುಂಕುಮದ ಬೊಟ್ಟು. ರ‍್ಯಾಕಿನ ಕಡೆ ತಿರುಗಿದರೆ ಮಾನಿಟರು, ಪ್ರಿಂಟರು, ಪಕ್ಕದ ಮನೆಯ ಮಿಕ್ಸಿ ಎಲ್ಲಕ್ಕೂ ಬೊಟ್ಟು. ಪೂಜೆಯ ತಟ್ಟೆಯಲ್ಲಿ ಮನೆಮಂದಿಯ ಮೊಬೈಲುಗಳು ಸಾಲಾಗಿ ಕೂತಿದ್ದವು, ಒಂದೊಂದರ ಕ್ಯಾಮೆರಾಕ್ಕೂ ಒಂದೊಂದು ಬೊಟ್ಟು.

"ಅತ್ತೇ, ಇಲ್ಯಾಕೆ ಇಟ್ರಿ?"

"ಮತ್ತೆಲ್ಲಿ ಇಡಾಣ? ಹಣೆ ಮ್ಯಾಲೇ ಅಲ್ವೇನ್ರಿ ಬೊಟ್ಟು ಇಡೋದು? ಅದ್ರ ಹಣೆ ಅಲ್ಲೇ ಐತಲ್ಲ."

ನಾನು ಪಂಚೆಯ ಚುಂಗು ಹಿಡಿದು ಒರೆಸಲು ಕೈ ಚಾಚಿದೆ. ಅತ್ತೆ ಚೀರಿದರು. "ಅಯ್ಯೋ ನಿಮ್ಮ! ಹೆಣ್ಣು ತೋರ್ಸೋ ಹೊತ್ನಲ್ಲಿ ಕುಂಕುಮ ಒರೆಸ್ತಾರಾ?"

ಟಿವಿಯೊಳಗಿಂದ ಅಜ್ಜಿಯೂ ಚೀರಿದರು. "ಒರೆಸ್ಬ್ಯಾಡ್ರೀ! ಒರೆಸಿದ್ರೆ ಈ ಸಂಬಂಧನೇ ಬ್ಯಾಡ!"

ಕೈ ಅಲ್ಲೇ ನಿಂತಿತು. ಒರೆಸಿದರೆ ಸಂಬಂಧ ಮುರಿಯುತ್ತದೆ, ಒರೆಸದಿದ್ದರೆ ಹುಡುಗಿ ಕಾಣುವುದಿಲ್ಲ. ಆಗ ನಾದಿನಿಯೇ ಬಾಯಿ ತೆರೆದಳು.

"ಅಜ್ಜೀ, ನಾನು ಇಷ್ಟು ಕೆಂಪಗಿಲ್ಲ. ಸ್ವಲ್ಪ ಕಪ್ಪು. ಆಮೇಲೆ ಮೋಸ ಮಾಡಿದ್ರು ಅನ್ಬ್ಯಾಡ್ರಿ."

ಅಜ್ಜಿ ಕೆಮ್ಮು ಬರುವಷ್ಟು ನಕ್ಕರು. "ಮೊಮ್ಮಗ ನೋಡ್ಕಂಡು ಬಂದಾನಲ್ಲ, ಸಾಕು. ನಂಗೆ ಮಾತು ಬೇಕಿತ್ತು, ಸಿಕ್ತು. ಹೆಣ್ಣು ಕಾಣೋ ಜಾಗದಾಗೆ ಕುಂಕುಮ ಕಂಡೈತೆ, ಇದಕ್ಕಿಂತ ಶಕುನ ಬೇಕಾ? ಎಲೆ ಅಡಿಕೆ ಹಿಡ್ಕಂಡು ಬರ್ರಿ!"

ಹೆಂಡತಿ ತಂಗಿಯನ್ನು ತಬ್ಬಿಕೊಂಡು ಅತ್ತಳು. ನನ್ನ ಕಣ್ಣೂ ಒದ್ದೆಯಾಯಿತು. ಸ್ವಲ್ಪ ನಾದಿನಿಗಾಗಿ, ಹೆಚ್ಚಿನದು ರ‍್ಯಾಕಿಗಾಗಿ.

ಮಾರನೇ ಬೆಳಿಗ್ಗೆ ಗುಜರಿಯವನು ತಳ್ಳುಗಾಡಿಯೊಂದಿಗೆ ಬಂದು ನಿಂತ. ಅವನನ್ನು ಅತ್ತೆಯೇ ಅಟ್ಟಿದರು. "ಸಂಬಂಧ ಕೂಡ್ಸಿದ ಸಾಮಾನಪ್ಪ ಇವು. ಗುಜರಿಗೆ ಹಾಕ್ತಾರಾ? ಹೋಗು!" ನಾನು ಮೀಸೆ ತಿರುವುತ್ತಾ ಹೆಂಡತಿಯ ಕಡೆ ನೋಡಿದೆ. ಕೊಟ್ಟ ಮಾತಿನಂತೆ ಅವಳು ಬಾಯಿ ಮುಚ್ಚಿಕೊಂಡಿದ್ದಳು.

ಗೆದ್ದ ಹುಮ್ಮಸ್ಸಿನಲ್ಲಿ ಟೇಬಲ್ಲಿಗೆ ಹೋಗಿ, ಕ್ಯಾಮೆರಾ ಒರೆಸಲು ಒಂದು ಬಟ್ಟೆ ತೆಗೆದುಕೊಂಡೆ.

"ಅಳಿಯಂದ್ರೇ!" ಎಂದರು ಅತ್ತೆ. "ಮದ್ವೆ ಆಗೋ ತನಕ ಇದನ್ನ ಮುಟ್ಟಂಗಿಲ್ಲ. ರ‍್ಯಾಕ್ನಾಗಿರೋದನ್ನೂ ಅಷ್ಟೇ." ಹಾಗೆಂದು ಲ್ಯಾಪ್‌ಟಾಪನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ದೇವರ ಕೋಣೆಗೆ ನಡೆದರು.

ಖಾಲಿ ಟೇಬಲ್ಲಿನ ಮುಂದೆ ನಾನು ನಿಂತೇ ಇದ್ದೆ. ಹೆಂಡತಿ ಈಗ ನಿಧಾನವಾಗಿ ಬಾಯಿ ತೆರೆದಳು.

"ಮುಟ್ಟಂಗೇ ಇಲ್ಲ ಅಂದ್ಮೇಲೆ, ನಿಮಗೆ ಟೇಬಲ್ ಯಾಕ್ರೀ?"

ಸಂಜೆಯ ಹೊತ್ತಿಗೆ ನನ್ನ ಟೇಬಲ್ ಅಡುಗೆಮನೆಯ ಕತ್ತಲೆ ಮೂಲೆ ಸೇರಿ, ಕಿಟಕಿಯ ಬೆಳಕಿನಲ್ಲಿ ಹೊಲಿಗೆ ಮಿಷಿನ್ನು ಗರಗರ ತಿರುಗುತ್ತಿತ್ತು. ಅಲ್ಲಿ ಕೂತು ಅವಳು ಮೊಟ್ಟಮೊದಲು ಹೊಲಿದದ್ದು ಲ್ಯಾಪ್‌ಟಾಪಿಗೊಂದು ಕೆಂಪು ಗವಸು. ದಾರ ಕಡಿದು, ಕೊಡವಿ, ನನ್ನ ಕೈಗಿಟ್ಟಳು.

"ತಗಳ್ರಿ, ನಿಮ್ಮ ದೇವ್ರಿಗೆ ಹೊದಿಸಿ ಬರ್ರಿ. ಮುಟ್ಟದಂಗೆ!"